ಕೆರೆಯಲ್ಲಿ ಮೀನಿಲ್ಲವಂತೆ

ಕೆರೆಯ ದಡದಲ್ಲಿ ನನ್ನದೊಂದು ಗೂಡಂಗಡಿ. ಗಾಳ, ದಾರ, ಬೆಂಡು, ಎರೆಹುಳ, ಹಿಟ್ಟಿನ ಉಂಡೆ ಮಾರುತ್ತೇನೆ, ಕೇಳಿದವರಿಗೆ ಚಹಾ. ಗಂಡ ಹೋದ ಮೇಲೆ ನಾನು ನನ್ನ ಕಾಲ ಮೇಲೆ ನಿಂತಿರುವುದು ಈ ಅಂಗಡಿಯಿಂದ. ಇದು ಮುಚ್ಚಿದರೆ ಅಣ್ಣನ ಮನೆಯೇ ಗತಿ. ಅತ್ತಿಗೆ ಕೆಟ್ಟವಳಲ್ಲ, ಆದರೆ ಅವಳ ಅಡುಗೆಮನೆಯಲ್ಲಿ ಒಂದು ಚಮಚ ಜಾಗ ಬದಲಾದರೂ ಮನೆ ರಣರಂಗ.

ಅಣ್ಣನಿಗೆ ಪೇಟೆಯಲ್ಲಿ ಕ್ಷೌರದಂಗಡಿ. ವಾರವೆಲ್ಲ ಊರಿನವರ ತಲೆಯ ಜೊತೆ ಅವರ ಮಾತನ್ನೂ ಸಹಿಸಿಕೊಂಡು, ರಜೆಯ ದಿನ ಕೆರೆಗೆ ಬಂದು ತುಟಿ ಬಿಚ್ಚದೆ ಕೂರುತ್ತಿದ್ದ. ಅವನಂಥ ಹಳಬರು ಐದಾರು ಮಂದಿ. ಒಬ್ಬರ ಗಾಳ ಬೀಳುವ ಕಡೆ ಇನ್ನೊಬ್ಬರು ಹಾಕುತ್ತಿರಲಿಲ್ಲ. ಸಿಕ್ಕ ಮೀನನ್ನು ಮರಳಿ ನೀರಿಗೆ ಬಿಡುವುದು ಅವರ ಪದ್ಧತಿ. "ದಿನವಿಡೀ ಕೂತು ಬರಿಗೈಲಿ ಹೋಗ್ತೀರಲ್ಲ, ನಿಮಗೇನು ಹುಚ್ಚಾ?" ಎಂದು ನಾನು ರೇಗಿಸಿದರೆ ನಕ್ಕುಬಿಡುತ್ತಿದ್ದರು.

ಕಳೆದ ವರ್ಷ, ಗಾಳ ಹಾಕುವವರಿಂದ ದಿನಕ್ಕಿಷ್ಟೆಂದು ವಸೂಲಿ ಮಾಡುವ ಕೆರೆಯ ಗುತ್ತಿಗೆದಾರ ದಡದವರೆಗೆ ರಸ್ತೆ ಮಾಡಿಸಿದ. ಅಷ್ಟೇ, ಜನ ಮುಗಿಬಿದ್ದರು. ಭುಜಕ್ಕೆ ಭುಜ ತಾಗಿಸಿ ಕೂತರು, ಮೊಬೈಲಿನಲ್ಲಿ ಹಾಡು ಹಾಕಿದರು. ದಾರಕ್ಕೆ ದಾರ ಸಿಕ್ಕಿ, ಮೀನಿನ ಬದಲು ಪಕ್ಕದವನ ಟೋಪಿ ಎಳೆದವರೂ ಇದ್ದರು. ನನಗಂತೂ ಕೈಗೆ ಬಿಡುವಿಲ್ಲ. ಆ ಗಡಿಬಿಡಿಯಲ್ಲಿ ಹಳಬರು ಒಬ್ಬೊಬ್ಬರಾಗಿ ಕಾಣೆಯಾದದ್ದು ನನ್ನ ಗಮನಕ್ಕೇ ಬರಲಿಲ್ಲ. ಬಂದವರು ಕಣ್ಣಿಗೆ ಬೀಳುತ್ತಾರೆ, ಬಾರದೆ ಹೋದವರು ಹೇಗೆ ಬಿದ್ದಾರು? ಅಣ್ಣನೊಬ್ಬ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಬಂದು ಕೂರುತ್ತಿದ್ದ.

ಈ ವರ್ಷ ಇದ್ದಕ್ಕಿದ್ದಂತೆ ಜನ ಬರುವುದೇ ನಿಂತಿತು. ಎರೆಹುಳಗಳು ಡಬ್ಬಿಯಲ್ಲೇ ಸತ್ತವು. ಗುತ್ತಿಗೆದಾರ ಬಂದು, "ಅಕ್ಕಾ, ತಿಂಗಳ ಕೊನೇವರೆಗೂ ನೋಡ್ತೀನಿ. ಹೀಗೇ ಇದ್ರೆ ಗಾಳ ಹಾಕೋಕೆ ಬಿಡೋದನ್ನೇ ನಿಲ್ಲಿಸ್ಬಿಡ್ತೀನಿ. ಅಂಗಡಿ ಮುಚ್ಚಬೇಕಾಗುತ್ತೆ" ಎಂದ.

ನನ್ನ ಗಿರಾಕಿಯಾಗಿದ್ದ ದರ್ಜಿ ದಾರಿಯಲ್ಲಿ ಸಿಕ್ಕಾಗ, ಯಾಕೆ ಬರುತ್ತಿಲ್ಲವೆಂದು ಕೇಳಿದೆ.

"ಕೆರೇಲಿ ಮೀನೇ ಇಲ್ವಂತಲ್ಲ?"

"ಯಾರಂದ್ರು?"

"ನಿಮ್ಮಣ್ಣನೇ. ಕುರ್ಚಿ ಮೇಲೆ ಕೂತೋರಿಗೆಲ್ಲ ಹೇಳ್ತಾರೆ. ಒಡಹುಟ್ಟಿದೋರೇ ಹೇಳಿದ್ಮೇಲೆ ಸುಳ್ಳಿರುತ್ತಾ?"

ನೇರ ಕ್ಷೌರದಂಗಡಿಗೆ ನುಗ್ಗಿದೆ. ಅಣ್ಣ ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಿದ್ದ.

"ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು ಅಣ್ಣಾ?"

ಅವನು ಕುಂಚ ಕೆಳಗಿಟ್ಟ. "ನಾಲ್ಕು ಜನ ಕಮ್ಮಿ ಆಗ್ಲಿ ಅಂತ ಹೇಳಿದ್ದು ಕಣೇ. ಎಲ್ಲರೂ ಬಿಟ್ಟುಬಿಡ್ತಾರೆ ಅನ್ಕೊಂಡಿರ್ಲಿಲ್ಲ. ನೆಮ್ಮದಿಯಾಗಿ ಕೂತ್ಕೊಳ್ಳೋಕೆ ನನಗಿದ್ದಿದ್ದು ಅದೊಂದೇ ಜಾಗ."

"ನನಗೂ ಅದೊಂದೇ" ಎಂದೆ. ನೊರೆಯ ಗಿರಾಕಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ.

ಮರುದಿನದಿಂದ ಅಣ್ಣ ರಾಗ ಬದಲಿಸಿ, ಕೆರೆ ತುಂಬ ಮೀನು ಎಂದು ಸಾರತೊಡಗಿದ. "ಪಾಪ, ತಂಗಿ ಅಂಗಡಿ ಮುಚ್ಚುತ್ತಲ್ಲ" ಎಂದು ಗಿರಾಕಿಗಳು ಕನ್ನಡಿಯಲ್ಲೇ ನಕ್ಕರು. ಮೀನಿಲ್ಲ ಎಂದಾಗ ನನ್ನ ಅಣ್ಣನೆಂದೇ ನಂಬಿದ್ದರು; ಇದೆ ಎಂದಾಗ ನನ್ನ ಅಣ್ಣನೆಂದೇ ನಂಬಲಿಲ್ಲ. ಇವರ ಬುದ್ಧಿಗೆ ಏನು ಹೇಳುವುದು!

ಮುಂದಿನ ರಜೆಗೆ ಅವನು ಬಂದಾಗ ದಡ ಖಾಲಿ. ಬಯಸಿದ್ದ ಮೌನ ಬೇಕಾದಷ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಗಾಳಕ್ಕೆ ತೋಳುದ್ದದ ಮೀನು ಬಿತ್ತು. ಅಂಥದ್ದನ್ನು ಆ ಕೆರೆಯಲ್ಲಿ ನಾನು ಕಂಡೇ ಇರಲಿಲ್ಲ. ನೀರಿನಲ್ಲೇ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ಬಿಡುತ್ತಾನೆ ಅಂದುಕೊಂಡೆ. ಬಿಡಲಿಲ್ಲ. ದಾರ ಪೋಣಿಸಿ, ಕೋಲಿಗೆ ಕಟ್ಟಿ, ಹೆಗಲಿಗೇರಿಸಿಕೊಂಡು ಪೇಟೆಯ ನಟ್ಟನಡುವೆ ನಡೆದ. ದರ್ಜಿಯ ಅಂಗಡಿಯ ಮುಂದೆ ನಿಂತ, ಬಸ್ ನಿಲ್ದಾಣದಲ್ಲಿ ನಿಂತ. ಕೇಳಿದವರಿಗೆ "ಕೆರೇದು" ಎಂದಷ್ಟೇ ಹೇಳಿದ. ಆಮೇಲೆ ತನ್ನ ಅಂಗಡಿಯ ಬಾಗಿಲಿಗೆ ತೂಗುಹಾಕಿದ. ರಾತ್ರಿ ಅತ್ತಿಗೆ ಅದನ್ನು ಬೇಯಿಸಿದರೆ ಅಣ್ಣ ಒಂದು ತುಂಡನ್ನೂ ಮುಟ್ಟಲಿಲ್ಲವಂತೆ.

ಅದರ ಮುಂದಿನ ರಜೆಗೆ ಬೆಳಗಿನಿಂದಲೇ ಜನ. ನನ್ನ ಡಬ್ಬಿಗಳು ಖಾಲಿಯಾದವು. ಗುತ್ತಿಗೆದಾರ ಬಂದು ನೋಡಿ, "ಇರ್ಲಿ ಬಿಡಕ್ಕಾ, ಅಂಗಡಿ ನಡೀಲಿ" ಎಂದು ಹೋದ. ಅಣ್ಣ ಕೋಲು ಹಿಡಿದು ತಡವಾಗಿ ಬಂದ. ಅವನು ಕೂರುತ್ತಿದ್ದ ಕಡೆ ಒಂದು ಸಂಸಾರ ಚಾಪೆ ಹಾಸಿಕೊಂಡಿತ್ತು. ದಡದ ಆ ತುದಿಗೆ ಹೋಗಿ ಬಂದ. ಎಲ್ಲೂ ಕಾಲಿಡಲು ಜಾಗವಿರಲಿಲ್ಲ. ನನ್ನ ಸಿಟ್ಟೆಲ್ಲ ಇಳಿಯಿತು. "ಒಳಗೆ ಬಾ ಅಣ್ಣಾ" ಎಂದು ನನ್ನ ಸ್ಟೂಲು ಕೊಟ್ಟೆ.

ಹೊಸಬನೊಬ್ಬ ಅಂಗಡಿಯೊಳಗೆ ಬಗ್ಗಿ, "ಮೀನು ಎಲ್ಲಿ ಚೆನ್ನಾಗಿ ಸಿಗುತ್ತೆ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಎದ್ದು ಕೈ ತೋರಿಸಿದ.

"ಆ ಚಾಪೆ ಕಾಣುತ್ತಲ್ಲ, ಅವರು ಎದ್ದ ಮೇಲೆ ಅಲ್ಲಿ ಕೂತ್ಕೊಳ್ಳಿ. ದೊಡ್ಡದು ಸಿಕ್ಕಿದ್ದು ಅಲ್ಲೇ."