ಎಂಟು ಪೆಟ್ಟಿನ ಗಿಟಾರು

ಹೊಸ ಗಿಟಾರಿಗೆ ಸೈಕಲ್ ಚೈನಿನಿಂದ ಹೊಡೆಯುತ್ತಿದ್ದ ನನ್ನನ್ನು ನೋಡಿ ವಿನೋಬನಗರದ ನಮ್ಮ ಬೀದಿಯವರು ತಲೆ ಕೆಟ್ಟಿದೆ ಎಂದುಕೊಂಡರು. ಅಂದುಕೊಳ್ಳಲಿ. ಇಪ್ಪತ್ತೆರಡು ವರ್ಷದಿಂದ ಹಳೆಯ ಮರಕ್ಕೆ ಪಾಲಿಶ್ ಹೊಡೆದು ಹೊಸದು ಮಾಡುವವನು ನಾನು. ಹೊಸದನ್ನು ಹಳೆಯದು ಮಾಡಬೇಕಾಗಿ ಬಂದದ್ದು ತಂಗಿ ಕವನಳ ಜೀವ ಉಳಿಸಲಿಕ್ಕೆ.

ಅವಳ ಗಂಡ ಪ್ರಕಾಶ್ ಭದ್ರಾವತಿಯಲ್ಲಿ ವೆಲ್ಡರ್. ಮದುವೆಮನೆಯ ಆರ್ಕೆಸ್ಟ್ರಾಗಳಲ್ಲಿ ಕೆಂಪು ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದ. ಕುಡಿದ ದಿನ ಅದೇ ಗಿಟಾರನ್ನು ಎತ್ತಿ ಹೆಂಡತಿಗೆ ಬೀಸುತ್ತಿದ್ದ. ಆಮೇಲೆ ಅದರ ಮೇಲಿನ ಗುರುತುಗಳನ್ನು ತೋರಿಸಿ, ಸ್ಟೇಜಿನ ಮೇಲೆ ಆದದ್ದು ಎಂದು ನಾಲ್ಕು ಜನರ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಒಂದು ತಿಂಗಳ ಕಾಂಟ್ರಾಕ್ಟ್ ಕೆಲಸಕ್ಕೆಂದು ಅವನು ಬಳ್ಳಾರಿ ಕಡೆ ಹೋದ ಮರುದಿನವೇ ಕವನ ಆ ಗಿಟಾರನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಚೂರು ಮಾಡಿದಳು. ಸಿಟ್ಟು ಇಳಿದ ಮೇಲೆ ಹೆದರಿಕೆ ಹಿಡಿಯಿತು. ಚೂರುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ನಮ್ಮ ಮನೆಗೆ ಬಂದಳು.

"ಅವ್ನು ಬಂದು ಇದನ್ನ ನೋಡಿದ್ರೆ ನನ್ನ ಉಳಿಸಲ್ಲ ಅಣ್ಣ," ಎಂದಳು.

ಅವ್ವ ದ್ಯಾಮಮ್ಮ ಚೀಲವನ್ನು ನನ್ನ ಕಡೆ ತಳ್ಳಿದಳು. "ನಿನ್ ಕೈಯಲ್ಲಿ ವಿದ್ಯೆ ಐತಲ್ಲಪ್ಪ. ಇಂಥದ್ದೇ ಒಂದು ಮಾಡ್ಕೊಡು. ಅವ್ನು ಬರೋದ್ರೊಳಗೆ ತಗೊಂಡು ಹೋಗಿ ಇಡ್ಲಿ."

ನನಗೂ ಅದೇ ಸರಿ ಅನ್ನಿಸಿತು. ಹಳೆಯ ಬಾಗಿಲಿನ ಹಲಗೆಯಲ್ಲಿ ಗಿಟಾರಿನ ಮೈ ಕೊರೆದೆ. ಕುತ್ತಿಗೆ, ತಂತಿ ಬಿಗಿಯುವ ಬಿರಡೆ, ವೈರು ಎಲ್ಲವನ್ನೂ ಮುರಿದದ್ದರಿಂದ ಬಿಚ್ಚಿ ಕೂರಿಸಿದೆ. ಕೆಂಪು ಬಣ್ಣ ಬಳಿದು ಮೇಲೆ ಲ್ಯಾಕರ್ ಹೊಡೆದೆ. ಒಣಗಿದ ಮೇಲೆ ಹೇರ್ ಡ್ರೈಯರಿನಿಂದ ಕಾಯಿಸಿ, ಕೂಡಲೇ ಐಸ್ ಉಜ್ಜಿದಾಗ ಲ್ಯಾಕರ್ ಸಣ್ಣಗೆ ಬಿರುಕು ಬಿಟ್ಟಿತು. ಹೊಸ ಸ್ಕ್ರೂಗಳನ್ನು ಹುಣಸೆಹುಳಿ, ಉಪ್ಪಿನಲ್ಲಿ ನೆನೆಸಿಟ್ಟು ತುಕ್ಕು ಹಿಡಿಸಿದೆ. ಮೊಣಕೈ ಒರಗುವ ಕಡೆ ಬಣ್ಣ ಉಜ್ಜಿ ತೆಗೆದು, ಹೊಳೆಹೊನ್ನೂರಿನಿಂದ ಅಡಿಕೆ ಬೇಯಿಸಿದ ಚೊಗರು ತಂದು ಬಳಿದೆ. ಹತ್ತು ವರ್ಷದ ಬೆವರು ಕುಡಿದ ಬಣ್ಣ ಒಂದೇ ಮಧ್ಯಾಹ್ನದಲ್ಲಿ ಬಂತು. ನನ್ನ ಕೈಚಳಕಕ್ಕೆ ನಾನೇ ಬೀಗಿದೆ.

ಉಳಿದದ್ದು ದೊಡ್ಡ ಪೆಟ್ಟುಗಳು. ಚೂರುಗಳ ಮೇಲೆ ಯಾವುದು ಹಳೆಯ ಪೆಟ್ಟು, ಯಾವುದು ಕಲ್ಲಿಗೆ ಬಡಿದದ್ದು ಎಂದು ತಿಳಿಯುವಂತಿರಲಿಲ್ಲ. ಕವನಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಹೊಸದರ ಮೇಲೆ ಬೆರಳಿಟ್ಟು ತೋರಿಸುತ್ತ ಹೋದಳು.

"ಇದು ಬಾಗ್ಲು ಚೌಕಟ್ಟಿಗೆ ತಾಗಿದ್ದು. ನಾನು ಬಗ್ಗಿಬಿಟ್ಟೆ."

"ಎಷ್ಟು ಆಳ?"

"ಕಡ್ಲೆಕಾಳು ಕೂರೋಷ್ಟು."

ಸುತ್ತಿಗೆಯಿಂದ ಹೊಡೆದೆ.

"ಇಲ್ಲೊಂದು ಗೀರು. ಕೈ ಅಡ್ಡ ಇಟ್ಟಿದ್ದೆ, ಬಳೆ ಒಡೀತು."

"ಎಷ್ಟುದ್ದ?"

"ಕಿರುಬೆರಳಷ್ಟು."

ಉಳಿಯ ಮೊನೆಯಿಂದ ಗೀರಿದೆ. ಬೀರುವಿನ ಮೂಲೆಗೆ ಬಡಿದದ್ದು, ಅಡುಗೆ ಕಟ್ಟೆಗೆ ತಾಗಿದ್ದು, ಅವಳ ಮೊಣಕೈ ಮೂಳೆಗೆ ಬಿದ್ದದ್ದು, ಹೀಗೆ ಎಂಟು. ಒಂದೊಂದಕ್ಕೂ ಆ ಹಲ್ಕಟ್ಟನಿಗೆ ಹಿಡಿಶಾಪ ಹಾಕಿದೆ, ಅಳತೆ ಕೇಳಿದೆ, ಹೊಡೆದೆ. ಆದರೂ ಒಂದು ಗುರುತು ತಪ್ಪಿದರೆ ಅವಳಿಗೇ ಕುತ್ತು ಎಂದು ಕೈಯನ್ನು ಹಿಡಿತದಲ್ಲಿಟ್ಟುಕೊಂಡೆ.

ಪ್ರಕಾಶ್ ಬರುವ ದಿನ ಧೈರ್ಯಕ್ಕಿರಲಿ ಎಂದು ನಾನೂ ಕವನಳ ಜೊತೆ ಭದ್ರಾವತಿಗೆ ಹೋದೆ. ಅವನು ಬ್ಯಾಗು ಇಳಿಸಿ, "ಯಾವಾಗ ಬಂದ್ರಿ ಭಾವ?" ಎನ್ನುತ್ತ ಗೋಡೆಯ ಮೇಲಿನ ಗಿಟಾರು ತೆಗೆದ. ಸ್ಪೀಕರಿಗೆ ಸಿಕ್ಕಿಸಿ ನುಡಿಸಿದ. ತಲೆ ಆಡಿಸಿದ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಕೆಳಗಿನ ಅಂಚು ಸವರುತ್ತಿದ್ದ ಅವನ ಹೆಬ್ಬೆರಳು ನಿಂತಿತು.

"ಇಲ್ಲಿದ್ದಿದ್ದು ಎಲ್ಲಿ?"

"ಯಾವುದು?" ಎಂದೆ.

"ಶಿವರಾತ್ರಿ ದಿನ ಇವಳ ತಲೆಗೆ ಹೊಡ್ದಾಗ ಜಡೆ ಕ್ಲಿಪ್ಪು ಒತ್ತಿ ತಗ್ಗು ಬಿದ್ದಿತ್ತು. ದಿನಾ ನನ್ ಹೆಬ್ಬೆಟ್ಟು ಅಲ್ಲೇ ಕೂರ್ತಿತ್ತು."

ಊಟಕ್ಕೆ ಉಪ್ಪು ಕಮ್ಮಿಯಾಗಿದೆ ಎನ್ನುವ ಹಾಗೆ ಹೇಳಿದ. ಅವನು ಗಿಟಾರನ್ನು ತಿರುಗಿಸಿ ನೋಡಿದ, ಮೂಸಿದ, ಕವನಳ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಎರಡೂ ಕೈಯಲ್ಲಿ ಗಿಟಾರಿನ ಕುತ್ತಿಗೆ ಹಿಡಿದು ಎತ್ತಿದ. ಕವನ ತಲೆಯ ಮೇಲೆ ಕೈಯಿಟ್ಟು, ರೂಢಿಯಾದವಳ ಹಾಗೆ ಗೋಡೆಯ ಮೂಲೆಗೆ ಕುಕ್ಕರಿಸಿದಳು.

ಅದನ್ನು ನನ್ನಿಂದ ನೋಡಲಾಗಲಿಲ್ಲ. ನುಗ್ಗಿ ಗಿಟಾರು ಕಿತ್ತುಕೊಂಡೆ. ತಂತಿ ಹರಿದು ಅವನ ಕೆನ್ನೆ ಸೀಳಿತು. ನಾನು ಬೀಸಿದ ಮೊದಲ ಏಟಿಗೆ ಅವನ ಹೆಗಲ ಮೂಳೆ ಲಟಕ್ಕೆಂದಿತು. ಎರಡನೆಯದು ಮೊಣಕಾಲಿಗೆ. ಮಂಚಕ್ಕೆ ಬಾಯಿ ಬಡಿದು ಬಿದ್ದ. ಹಲ್ಲು, ರಕ್ತ ನೆಲಕ್ಕೆ ಬಂದವು. "ಭಾವ, ಬೇಡ ಭಾವ," ಎಂದ. ಮೂರನೆಯದಕ್ಕೆ ಪಕ್ಕೆ ಹುಡುಕುತ್ತಿದ್ದೆ. ಸಾಯಿಸುವುದೇ ನನ್ನ ಮನಸ್ಸಿನಲ್ಲಿತ್ತು, ಸುಳ್ಳು ಯಾಕೆ ಹೇಳಲಿ. ಕವನ ಬಂದು ನನ್ನ ಮುಂಗೈ ಹಿಡಿದುಕೊಂಡಳು.

"ಸಾಕು, ನಡಿ."

ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ತಡೆಯಲಿಲ್ಲ. ಬಸ್ ಸ್ಟಾಪಿಗೆ ಬಂದೆವು. ಅಲ್ಲಿ ಅವಳ ಜಡೆ ಸರಿಸಿ ನೋಡಿದೆ. ಹೊಲಿಗೆ ಹಾಕಿಸದೆ ಕೂಡಿಕೊಂಡ ಗಾಯ, ಬೆರಳುದ್ದ.

"ಇದೊಂದನ್ನ ಯಾಕೆ ಮುಚ್ಚಿಟ್ಟೆ?" ಎಂದೆ. ಅಳು ಬರುತ್ತಿತ್ತು. "ಮೊದಲೇ ಹೇಳಿದ್ರೆ ನಿನ್ನ ಇಲ್ಲಿಗೆ ವಾಪಸ್ ಕಳಿಸ್ತಾನೇ ಇರ್ಲಿಲ್ಲ ಮಾರಾಯ್ತಿ."

ಕವನ ಕೂದಲು ಸರಿಮಾಡಿಕೊಂಡಳು.

"ಎಂಟು ಹೇಳಿದ್ನಲ್ಲ ಅಣ್ಣ. ಎಷ್ಟು ಆಳ ಅಂತ ಮಾತ್ರ ಕೇಳ್ದೆ ನೀನು."