ಸೀಟಿನ ಕೆಳಗಿನ ಹಳದಿ ಪ್ಲಗ್

ಕಾರಿನ ದೋಷ ಹೇಳುವ ಸ್ಕ್ಯಾನರಿನ ಗಾಜಿನ ಮೇಲೆ ಕೂತಿದ್ದ ಗ್ರೀಸಿನ ಬೆರಳಚ್ಚನ್ನು ಸೂಗಮ್ಮ ಹಳೆಯ ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದಳು. ಶೆಡ್ಡಿನಲ್ಲಿ ನಿಂತಿದ್ದ ಬಿಳಿ ಕಾರಿನ ಈಚೆಗೆ ಬಂಡೆಪ್ಪ, ಆಚೆಗೆ ಅವರ ಹೆಂಡತಿ ಗುರುಬಾಯಿ. ಇಬ್ಬರೂ ಕಾರಿಗೆ ಬೆನ್ನು ಕೊಟ್ಟು, ಒಬ್ಬರು ಗೋಡೆಯನ್ನೂ ಇನ್ನೊಬ್ಬರು ರಸ್ತೆಯನ್ನೂ ನೋಡುತ್ತ ನಿಂತಿದ್ದರು.

ಸುಮ್ಮನಿರಲಾರದವನೆಂದರೆ ಗ್ಯಾರೇಜಿನ ಯಜಮಾನ ಅಮರೇಶಪ್ಪ, ಸೂಗಮ್ಮನ ಸೋದರಮಾವ. "ಏನ್ರಿ ಬಂಡೆಪ್ಪಣ್ಣ, ಇದು ಗಂಡ ಹೆಂಡ್ತಿ ಜಗಳಾ ಬಿಡಿಸೋ ಮಷೀನ್ ಅಲ್ಲರಿ," ಎಂದ.

"ಜಗಳ ಎಲ್ಲೈತೋ ಮಾರಾಯ? ಕರಾರು ಐತಿ," ಎಂದರು ಬಂಡೆಪ್ಪ. "ಏರ್‌ಬ್ಯಾಗಿನ ಈ ಕೆಂಪು ದೀಪ ಇವತ್ತ ಆರಿದ್ರ ಗಾಡಿ ಆಕೀದು. ಆರಲಿಲ್ಲಂದ್ರ ಸಂಜಿಕ್ಕ ಬಾಜೂಮನಿ ಕಾರ್ತಿಕ ಬಂದು ಒಯ್ತಾನ. ಮಾರೂದಂದ್ರ ಮಾರೂದು."

ಗುರುಬಾಯಿ ಗಂಡನಿಗೆ ಉತ್ತರ ಕೊಡದೆ ಸೂಗಮ್ಮನ ಕಡೆ ತಿರುಗಿದರು. "ಐವತ್ತಾರಕ್ಕ ಲೈಸೆನ್ಸ್ ತಗೊಂಡೀನಿ ತಂಗಿ. ಉಪ್ಪಲ್‌ದಾಗ ಊರಿನ ಆ ತುದಿಗೆ ನಮ್ಮಕ್ಕ ಮಂಡಿ ಹಿಡಕೊಂಡು ಕುಂತಾಳ. ಆಕಿನ್ನ ನೋಡಬೇಕಂದ್ರ ಇವರ ಪೇಪರ್ ಮುಗೀಬೇಕು, ನಿದ್ದಿ ಮುಗೀಬೇಕು, ಟೀವ್ಯಾಗಿನ ಮ್ಯಾಚ್ ಮುಗೀಬೇಕು. ಇನ್ನ ಯಾರ ಹಂಗೂ ಇಲ್ಲ ಅಂದ್ಕೊಂಡೆ. ಲೈಸೆನ್ಸ್ ಬಂದ ವಾರಕ್ಕ ಈ ದೀಪ ಹತ್ತೇತಿ. ನನ್ನ ನಸೀಬು ನೋಡು!"

ಸೂಗಮ್ಮ ತಲೆಯಾಡಿಸಿದಳು. ಹೊಸಬರ ಮುಂದೆ ಅವಳ ಮಾತು ಗಂಟಲು ದಾಟುವುದು ಕಷ್ಟ. ಈ ತೆಲುಗು ಸೀಮೆಗೆ ಬರುವ ಮೊದಲೇ ಮಾನ್ವಿಯಲ್ಲಿ ಒಂಬತ್ತನೇ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಬಾರದು. ಆದರೆ ಆ ಪುಟ್ಟ ಪರದೆಯ ಮೇಲೆ ಬರುವ ಮಾತುಗಳು ಓಣಿಯ ಜನರ ಮುಖದ ಹಾಗೆ ಅವಳಿಗೆ ಗುರುತಾಗಿಬಿಟ್ಟಿದ್ದವು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮಾವ, ಅಕ್ಷರ ಕಂಡರೆ "ನನಗ ಕಣ್ಣು ಮಂಜ ಆಗ್ಯಾವ" ಎಂದು ಯಂತ್ರವನ್ನು ಅವಳ ಕೈಗೆ ಕೊಟ್ಟು ಎರಡು ವರ್ಷವಾಗಿತ್ತು.

ಅವಳು ಸ್ಟೇರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರಿನ ತಂತಿ ಸಿಕ್ಕಿಸಿ ಕೀಲಿ ತಿರುವಿದಳು. ಒಂದೇ ದೋಷ. ಡ್ರೈವರ್ ಸೀಟಿನ ಏರ್‌ಬ್ಯಾಗಿಗೆ ಹೋಗುವ ತಂತಿ ಎಲ್ಲೋ ತಪ್ಪಿದೆ ಎನ್ನುತ್ತಿತ್ತು ಯಂತ್ರ. ಅಳಿಸುವ ಗುಂಡಿ ಒತ್ತಿದಳು. ದೀಪ ಒಂದು ಗಳಿಗೆ ಆರಿದಂತೆ ಮಾಡಿ ಮತ್ತೆ ಹತ್ತಿಕೊಂಡಿತು.

"ನೋಡ್ದಿ? ನಾ ಹೇಳಲಿಲ್ಲ? ಆಗೂದಿಲ್ಲಂದ್ರ ಆಗೂದಿಲ್ಲ," ಎಂದರು ಬಂಡೆಪ್ಪ. ಕಾರು ರಿಪೇರಿಯಾಗದೆ ಹೋದರೆ ಮನುಷ್ಯ ಇಷ್ಟು ಹಗುರಾಗಿ ಉಸಿರು ಬಿಡುವುದನ್ನು ಸೂಗಮ್ಮ ಈವರೆಗೆ ಕಂಡಿರಲಿಲ್ಲ.

"ಹಳೇ ದೋಷ ಇದ್ದಿದ್ರ ಅಳಿಸಿದ ಕೂಡ್ಲೇ ಹೋಗತಿತ್ತರಿ," ಎಂದಳು ಟೈರಿಗೆ ಹೇಳುವಂತೆ. "ಇದು ಈಗೂ ಐತಿ. ಸೀಟಿನ ಕೆಳಗ ನೋಡಬೇಕು."

ಅಮರೇಶಪ್ಪ ಕೀಲಿ ತೆಗೆದು ಬ್ಯಾಟರಿಯ ತಂತಿ ಬಿಚ್ಚಿದ. ಬಿಚ್ಚಿದ ಮೇಲೂ ಹತ್ತು ಮಿನಿಟು ಏರ್‌ಬ್ಯಾಗಿನ ತಂತಿ ಮುಟ್ಟಬಾರದು. ಒಳಗೆ ಉಳಿದ ಕರೆಂಟಿಗೆ ಅದು ಉಬ್ಬಿ ಮುಖಕ್ಕೇ ಬಡಿದೀತು. ಅಷ್ಟರಲ್ಲಿ ಚಹಾ ತರುತ್ತೇನೆಂದು ಗುರುಬಾಯಿ ರಸ್ತೆಗೆ ಹೋದರು. "ಅಣ್ಣಾ, ನಾಲುಗು ಚಾಯ್!" ಎಂದು ತೆಲುಗಿನಲ್ಲಿ ನಾಲ್ಕು ಚಹಾ ಕೇಳುವ ಅವರ ದೊಡ್ಡ ದನಿ ಶೆಡ್ಡಿನವರೆಗೂ ಕೇಳಿಸಿತು.

ಸೂಗಮ್ಮ ಕೈ ಹಿಂದಿಟ್ಟುಕೊಂಡು, ಟಾರ್ಚು ಬಿಟ್ಟು ಸೀಟಿನ ಕೆಳಗೆ ಬಗ್ಗಿ ನೋಡಿದಳು. ಏರ್‌ಬ್ಯಾಗಿನ ತಂತಿಯ ಹಳದಿ ಪ್ಲಗ್ಗಿನ ಎರಡು ತುಂಡುಗಳು ಬೇರೆಬೇರೆಯಾಗಿದ್ದವು. ಇಲಿ ಕಡಿದರೆ ತಂತಿ ಚೂರಾಗುತ್ತದೆ, ಗುಡಿಸುವಾಗ ಕಸಬರಿಗೆ ಸಿಕ್ಕಿ ಎಳೆದರೆ ಕೊಂಡಿ ಮುರಿಯುತ್ತದೆ. ಇಲ್ಲಿ ಕೊಂಡಿಗೆ ಒಂದು ಗೀರೂ ಇರಲಿಲ್ಲ. ಎರಡೂ ಬಾಯಿಗೆ ಧೂಳು ಹೋಗದಂತೆ ಕಪ್ಪು ಟೇಪು ಸುತ್ತಿತ್ತು. ಮತ್ತೆ ಬಿಚ್ಚುವಾಗ ಉಗುರಿಗೆ ಸಿಗಲೆಂದು ಟೇಪಿನ ತುದಿಯನ್ನು ಯಾರೋ ಪುಟ್ಟ ತ್ರಿಕೋನದಂತೆ ಮಡಚಿದ್ದರು.

ಅವಳು ತಲೆ ಎತ್ತಿದಳು. ಪಕ್ಕದಲ್ಲೇ ಬಗ್ಗಿ ನಿಂತಿದ್ದ ಬಂಡೆಪ್ಪನವರ ಮೂಗಿನ ಮೇಲಿನ ಚಾಳೀಸಿನ ಮುರಿದ ಕಾಲಿಗೂ ಅದೇ ಕಪ್ಪು ಟೇಪು, ತುದಿಯಲ್ಲಿ ಅದೇ ತ್ರಿಕೋನ. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ತಂತಿ ಕಟ್ಟಿದ ಮನುಷ್ಯ ಎಂದು ಮಾವ ಹೇಳಿದ್ದು ನೆನಪಾಯಿತು.

"ಇಲಿ ಬಿಚ್ಚಿರಬೇಕು," ಎಂದು ಪಿಸುಗುಟ್ಟಿದರು ಬಂಡೆಪ್ಪ.

"ಇಲಿ ಟೇಪ್ ಸುತ್ತೂದಿಲ್ಲರಿ ಕಾಕಾ."

ಅವರು ರಸ್ತೆಯ ಕಡೆ ನೋಡಿ ದನಿ ಇನ್ನೂ ಇಳಿಸಿದರು. "ಗಾಡಿ ಕಲ್ಯಾಕ ಹೋದ ಮೊದಲನೇ ದಿನಾನ ಆಕಿ ಡಿವೈಡರ್ ಮ್ಯಾಲ ಹತ್ತಿಸಿದ್ಲವ್ವ. ಹತ್ತಿಸಿ ಸ್ಟೇರಿಂಗ್ ಹಿಡಕೊಂಡು ನಗಾಕತ್ತಿದ್ಲು. ಆಕಿ ನಗಾಕತ್ತಿದ್ಲು, ಇಲ್ಲಿ ನನ್ನ ಕೈಕಾಲು ತಣ್ಣಗಾಗಿದ್ವು. ಆಕಿಗೆ ಏನಾರ ಆದ್ರ ನಾ ಎಲ್ಲಿ ಹೋಗ್ಲಿ? ನನ್ನ ಮಾತಂತೂ ಕೇಳಾಕಿ ಅಲ್ಲ. ದೀಪದ ಮಾತರ ಕೇಳ್ಯಾಳು ಅಂದ್ಕೊಂಡೆ. ಹೇಳಬ್ಯಾಡವ್ವ."

ಹೇಳದೆ ಬಿಟ್ಟರೆ ಸಂಜೆಗೆ ಕಾರು ಹೋಗುತ್ತದೆ. ಹೇಳಿದರೆ ಈ ಇಬ್ಬರ ನಡುವೆ ಏನು ಹೋಗುತ್ತದೋ. ಸೂಗಮ್ಮ ಟಾರ್ಚು ಆರಿಸಿ ಎದ್ದು ನಿಂತಳು.

ಗುರುಬಾಯಿ ಚಹಾ ಹಂಚುತ್ತ ಕೇಳಿದರು, "ಅಲ್ಲ ತಂಗಿ, ಆ ದೀಪ ಹತ್ತಿದ್ದಾಗ ಗಾಡಿ ಹೊಡದ್ರ ಏನಾಕ್ಕತಿ?"

"ಗಾಡಿ ಓಡತೈತ್ರಿ ಅಮ್ಮಾರ. ಆದ್ರ ಗುದ್ದಿದ್ರ ಬ್ಯಾಗ್ ಉಬ್ಬತಾವಂತ ಹೇಳಾಕ ಬರೂದಿಲ್ಲ."

"ಹಂಗಾರ ಸೋಮವಾರ ದೇವ್ರ ಕಾಯ್ದಾನ ಬಿಡು!" ಗುರುಬಾಯಿ ನಕ್ಕುಬಿಟ್ಟರು. "ಇವರು ಮಧ್ಯಾಹ್ನ ಗೊರಕಿ ಹೊಡ್ಯಾಕತ್ತಿದ್ರು. ಕೀಲಿ ತಗೊಂಡು ಉಪ್ಪಲ್‌ಗೆ ಹೋಗಿ, ಅಕ್ಕಗ ಪುಂಡಿಪಲ್ಯ ಕೊಟ್ಟು ಬಂದೆ. ಬರೂಮುಂದ ಒಂದು ಟಿಪ್ಪರ್ ಎಷ್ಟು ಬಾಜೂಕ ಬಂತಂದ್ರ, ಕನ್ನಡಿ ಸವರಿಕೊಂಡ ಹೋತು. ಇವರು ಏಳೂದ್ರಾಗ ಮನಿ ಸೇರಿದ್ದೆ."

ಬಂಡೆಪ್ಪನವರ ಲೋಟ ತುಟಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಲೋಟವನ್ನು ಬಾನೆಟ್ಟಿನ ಮೇಲೆ ಇಟ್ಟರು; ಅರ್ಧ ಚಹಾ ಚೆಲ್ಲಿತು. ಚಾಳೀಸು ತೆಗೆದು ಜೇಬಿಗೆ ಹಾಕಿದರು.

"ಹತ್ತು ಮಿನಿಟ್ ಆತೇನವ್ವ?"

"ಆತ್ರಿ."

ಅವರು ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದರು. ಟೇಪು ಕಿತ್ತ ಸದ್ದು, ಆಮೇಲೆ ಟಕ್ ಎಂದು ಪ್ಲಗ್ ಕೂತ ಸದ್ದು. ಕೂತ ಮೇಲೂ ಅವರು ಏಳಲಿಲ್ಲ. ಎಳೆದು ನೋಡಿದರು. ಮತ್ತೊಮ್ಮೆ ಎಳೆದು ನೋಡಿದರು. ಮೂರನೆಯ ಸಲ ಎಳೆಯುವಾಗ ಅಮರೇಶಪ್ಪ, "ಸಾಕು ಬಿಡ್ರಿ ಅಣ್ಣ, ತಂತಿ ಕಿತ್ತು ಬಂದೀತು," ಎಂದ.

ಬ್ಯಾಟರಿ ಜೋಡಿಸಿ ಕೀಲಿ ತಿರುವಿ ಸೂಗಮ್ಮ ಅಳಿಸುವ ಗುಂಡಿ ಒತ್ತಿದಳು. ಕೀಲಿ ಬಂದ್ ಮಾಡಿ ಮತ್ತೆ ತಿರುವಿದಾಗ ದೀಪ ಹತ್ತಿತು. ಗುರುಬಾಯಿಯ ಮುಖ ಸಪ್ಪಗಾಯಿತು. "ತಡೀರಿ, ಕೀಲಿ ತಿರುವಿದಾಗ ಒಂದೀಟು ಹತ್ತೂದ ಅದು," ಎಂದು ಅಮರೇಶಪ್ಪ ಎಣಿಸತೊಡಗಿದ. ಆರು ಎನ್ನುವಷ್ಟರಲ್ಲಿ ದೀಪ ಆರಿತು. ಮತ್ತೆ ಹತ್ತಲಿಲ್ಲ.

"ಏನಾಗಿತ್ತು ತಂಗಿ?"

"ಪ್ಲಗ್ ಬಿಚ್ಚಿತ್ತರಿ."

"ತಾನ ಬಿಚ್ಚಿತ್ತ?"

ಸೂಗಮ್ಮ ಸ್ಕ್ಯಾನರಿನ ತಂತಿ ಕಳಚಿ ಸುತ್ತತೊಡಗಿದಳು. ಗುರುಬಾಯಿಯ ಕಣ್ಣು ಗಂಡನ ಮೊಣಕೈಗೆ ಅಂಟಿದ್ದ ಕಪ್ಪು ಟೇಪಿನ ತುಣುಕಿನ ಮೇಲೆ ಬಿತ್ತು. ಅದನ್ನು ಬಿಡಿಸಿ, ಮಡಚಿದ ತುದಿಯನ್ನು ಬೆರಳಿನಿಂದ ಸವರಿದರು. "ನಮ್ಮನಿ ಟೀವಿ ರಿಮೋಟಿಗೂ ಹಿಂಗ, ಉಪ್ಪಿನಕಾಯಿ ಡಬ್ಬಿಗೂ ಹಿಂಗ," ಎಂದರು ತಮ್ಮಷ್ಟಕ್ಕೆ. ಬಂಡೆಪ್ಪ ತಗಡಿನ ಚಾವಣಿಯನ್ನು ಪರೀಕ್ಷೆ ಮಾಡುತ್ತಿದ್ದರು. ಗುರುಬಾಯಿ ಆ ಟೇಪನ್ನು ಅವರ ಅಂಗಿಯ ಜೇಬಿನ ಮೇಲೆ ಅಂಟಿಸಿ, ಬೀಳದಂತೆ ಎರಡು ಸಲ ತಟ್ಟಿದರು.

ಬಂಡೆಪ್ಪ ಫೋನು ತೆಗೆದರು. "ಕಾರ್ತಿಕಾ, ಗಾಡಿ ಕೊಡೂದಿಲ್ಲಪ. ಬರಬ್ಯಾಡ," ಎಂದು ಇಟ್ಟುಬಿಟ್ಟರು.

ಗುರುಬಾಯಿ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತರು. ಬಂಡೆಪ್ಪ ಸುತ್ತಿ ಬಂದು ಆ ಕಡೆಯ ಬಾಗಿಲು ತೆರೆದು ಪಕ್ಕದಲ್ಲಿ ಕೂತರು. ದಾರಿ ಬಿಡಿಸಿಕೊಡಲು ಸೂಗಮ್ಮ ಓಣಿಯ ಬಾಯಿಯವರೆಗೆ ನಡೆದುಹೋದಳು. ಮುಖ್ಯರಸ್ತೆಯಲ್ಲಿ ಫ್ಯಾಕ್ಟರಿಗಳ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಕಾರು ಬಂದು ಅವಳ ಪಕ್ಕದಲ್ಲೇ ನಿಂತಿತು. ತೆರೆದ ಕಿಟಕಿಯಲ್ಲಿ ಬಂಡೆಪ್ಪ ಕಾಣುತ್ತಿದ್ದರು: ಎರಡೂ ಕೈಯಲ್ಲಿ ಬೆಲ್ಟ್ ಬಿಗಿಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

ಲಾರಿಗಳ ಸಾಲು ಮುಗಿದು ರಸ್ತೆ ಖಾಲಿಯಾಯಿತು. ಗುರುಬಾಯಿ ಆ ಕಡೆ ಈ ಕಡೆ ನೋಡಿ, ಪಕ್ಕಕ್ಕೂ ಒಮ್ಮೆ ನೋಡಿದರು.

"ರೀ, ಕಣ್ಣು ತೆರೀರಿ," ಎಂದರು.

ಅವರು ಕಣ್ಣು ತೆರೆಯುವುದನ್ನೇ ಕಾಯುತ್ತ ಕಾರು ನಿಂತಿತ್ತು; ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು.