ಆರು ಸಾಲಿನ ಸೂರು

ತೀರ್ಪು ಬಂದರೆ ವ್ಯಾಜ್ಯ ತೀರಿತು ಎಂದು ಜನ ನಂಬಿದ್ದಾರೆ. ಸಂಕ್ಷಿಪ್ತನಿಗೆ ಮಾತ್ರ ತೀರ್ಪು ಬಂದ ಮೇಲೆಯೇ ಕೆಲಸ ಶುರು. ವಕೀಲರು ತರಿಸಿಕೊಳ್ಳುವ ವಾರಪತ್ರಿಕೆಯೊಂದರಲ್ಲಿ ಅವನು ತೀರ್ಪುಗಳ ಸಾರ ಬರೆಯುತ್ತಿದ್ದ. ಇಪ್ಪತ್ತು ಪುಟದ ತೀರ್ಪಾಗಲಿ, ಇನ್ನೂರು ಪುಟದ್ದಾಗಲಿ, ಅವನ ಮೇಜಿನಿಂದ ಏಳುವಾಗ ಆರೇ ಸಾಲು. ಅದು ಸಂಪಾದಕರ ಕಟ್ಟಪ್ಪಣೆ. ಕಚ್ಚಿದ ನಾಯಿಯ ಯಜಮಾನ, ಜಪ್ಪಯ್ಯ ಅಂದರೂ ಮನೆ ಬಿಡದ ಬಾಡಿಗೆದಾರ, ಮೂರು ದಿನ ತಡವಾಗಿ ಅರ್ಜಿ ಹಾಕಿ ಮೂವತ್ತು ವರ್ಷದ ಪಿಂಚಣಿ ಕಳೆದುಕೊಂಡ ಮೇಷ್ಟ್ರು, ಒಂದೇ ಹೆಸರಿಗಾಗಿ ಒಬ್ಬರ ಮೇಲೊಬ್ಬರು ನೊರೆ ಕಾರುವ ಎರಡು ಸಾಬೂನು ಕಂಪನಿಗಳು, ಎಲ್ಲರೂ ಒಂದೇ ಪುಟದಲ್ಲಿ ಮಂಡಿ ಮಡಚಿಕೊಂಡು ಕೂರಬೇಕು.

ಈ ಕೆಲಸ ಮಾಡಿ ಮಾಡಿ ಅವನ ಬದುಕೂ ಮೊಟಕಾಗಿತ್ತು. ಮದುವೆಯ ಮಾತು ತಂದವರಿಗೆ ಒಂದೇ ಪದದಲ್ಲಿ ಉತ್ತರ ಕೊಟ್ಟು ಕಳಿಸಿದ್ದ. ಸಂಸ್ಥೆಯವರು ಕೊಟ್ಟ ಮನೆ ಎಂದರೆ ಮುದ್ರಣಾಲಯದ ಮೇಲಿನ ಒಂದು ಕೋಣೆ. ಕೆಳಗೆ ಯಂತ್ರ ಓಡಿದರೆ ಮೇಲೆ ಮಂಚವೂ ಒಂದೆರಡು ಹೆಜ್ಜೆ ಓಡುತ್ತಿತ್ತು. ಮನಸ್ಸು ಬಿಚ್ಚಿ ಮಾತಾಡಲು ಅವನಿಗಿದ್ದವಳು ಅಕ್ಕ ಒಬ್ಬಳೇ.

ಅಕ್ಕ ನಾಲ್ಕು ಬೀದಿ ಆಚೆ, ತೀರಿಹೋದ ಗಂಡನ ಮನೆಯಲ್ಲಿದ್ದಳು. ಬೀದಿಗೆ ಮುಖ ಮಾಡಿದ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಆ ಕಿಟಕಿಯೇ ಅವಳ ಅಂಗಡಿ, ಬೋರ್ಡು, ಅನ್ನದ ದಾರಿ. ಆದರೆ ಮನೆ ಅತ್ತೆಯ ಹೆಸರಿನಲ್ಲಿತ್ತು. ಮಗನೇ ಇಲ್ಲದ ಮೇಲೆ ಸೊಸೆ ಯಾವ ಲೆಕ್ಕ ಎಂದು ಅತ್ತೆಗೆ ಒಂದು ಬೆಳಿಗ್ಗೆ ಹೊಳೆಯಿತು. ವಯಸ್ಸಾದವರ ಹಿತ ಕಾಯುವ ಅಧಿಕಾರಿಯ ಮುಂದೆ ಅರ್ಜಿ ಬಿತ್ತು. ಐದು ತಿಂಗಳಿಗೆ ಆದೇಶವೂ ಬಂತು.

ಅಕ್ಕ ಆದೇಶವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಮ್ಮನ ಕಚೇರಿಗೇ ಬಂದಳು. ಕಾನೂನೆಲ್ಲ ತನ್ನ ತಮ್ಮನ ಪೆನ್ನಿನಿಂದಲೇ ಇಳಿಯುತ್ತದೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡವಳು ಅವಳು. ಕುರ್ಚಿಯ ತುದಿಯಲ್ಲಿ ಕೂತು, "ಓದಿ ಹೇಳು. ಸುತ್ತಿ ಬಳಸಿ ಬೇಡ, ನಿಮ್ಮ ಪತ್ರಿಕೇಲಿ ಹೇಳೋ ಹಾಗೆ ಹೇಳು" ಅಂದಳು.

ಅವನು ಓದಿದ. ಸೊಸೆ ಮನೆ ಖಾಲಿ ಮಾಡಬೇಕು ಎಂದಿತ್ತು. ಅದಕ್ಕೆ ಆಧಾರವಾಗಿ ಮೇಲಿನ ಕೋರ್ಟಿನ ಹಳೆಯ ತೀರ್ಪೊಂದನ್ನು ಎತ್ತಿ ಹಾಕಿದ್ದರು: 'ವಯೋವೃದ್ಧರು ತಮ್ಮ ಸ್ವಂತ ಮನೆಯಿಂದ ಸೊಸೆಯನ್ನು ಹೊರಗೆ ಕಳಿಸಬಹುದು, ಇದು ನಿಸ್ಸಂದೇಹ...' ಸರಿಯಾಗಿ ಆರು ಸಾಲು.

ಆ 'ನಿಸ್ಸಂದೇಹ'ದ ಮೇಲೆ ಅವನಿಗೆ ಸಂದೇಹ ಬಂತು. ಯಾವ ನ್ಯಾಯಾಧೀಶರೂ ಅಷ್ಟು ಧೈರ್ಯದ ಪದ ಬಳಸುವುದಿಲ್ಲ. ಜಾಗ ಉಳಿಸುವವರು ಬಳಸುತ್ತಾರೆ. ಅದು ತೀರ್ಪಿನ ಮಾತಲ್ಲ. ನಾಲ್ಕು ವರ್ಷದ ಹಿಂದೆ ತಾನೇ ಬರೆದ ಸಾರ.

ಅಕ್ಕನಿಗೆ ಆಮೇಲೆ ಹೇಳುತ್ತೇನೆಂದು ಕಳಿಸಿ, ಕಪಾಟಿನಿಂದ ಮೂಲ ತೀರ್ಪು ತೆಗೆಸಿದ. ನೂರ ಎಂಬತ್ತೇಳನೆಯ ಪುಟದಲ್ಲಿ ಅದು ಇತ್ತು: ಆದರೆ ಮೊದಲು ಆಕೆಗೆ ಬೇರೆ ಸೂರು ತೋರಿಸಿದ ನಂತರವೇ. ಅಂದು ಅದು ಏಳನೆಯ ಸಾಲಾಗಿತ್ತು. ಪುಟದಲ್ಲಿ ಅದರ ಕೆಳಗೆ ಸಾಬೂನಿನವರು ಜಾಗಕ್ಕೆ ಕಾದಿದ್ದರು. ಪೂರ್ತಿ ತೀರ್ಪನ್ನು ವಕೀಲರು ಹೇಗೂ ಓದಿಕೊಳ್ಳುತ್ತಾರೆ ಎಂದುಕೊಂಡು ಅವನು ಕೊಡವಿ ಹಾಕಿದ್ದ. ವಕೀಲರಿಗೆ ಓದಲು ಪುರುಸೊತ್ತಿದ್ದರೆ ಇವನಿಗೆ ಸಂಬಳ ಯಾರು ಕೊಡುತ್ತಿದ್ದರು? ಹುಡುಕಿದರೆ, ಈ ನಾಲ್ಕು ವರ್ಷದಲ್ಲಿ ಕೆಳಗಿನ ಕಚೇರಿಗಳು ಆ ಆರು ಸಾಲನ್ನು ಕಣ್ಣಿಗೆ ಒತ್ತಿಕೊಂಡು ಕೊಟ್ಟ ಆದೇಶ ನಲವತ್ಮೂರು. ನಲವತ್ಮೂರು ಸೊಸೆಯರು ಬೀದಿಯಲ್ಲಿ. ಅಕ್ಕ ನಲವತ್ನಾಲ್ಕನೆಯವಳು.

ಅಕ್ಕನ ವಕೀಲರಿಗೆ ಇದನ್ನು ಹೇಳಿದಾಗ ಅವರು ಸಿಟ್ಟಾಗಲಿಲ್ಲ, ಖುಷಿಯಾದರು. ಮೇಲ್ಮನವಿಗೆ ಇಂಥ ಸರಕು ಸಿಗುವುದು ಅಪರೂಪವಂತೆ. ಮೂಲ ತೀರ್ಪು ತೋರಿಸಿದರೆ ಸಾಲದೇ ಎಂದು ಸಂಕ್ಷಿಪ್ತ ಕೇಳಿದ. ನಲವತ್ಮೂರು ಅಧಿಕಾರಿಗಳು ದಡ್ಡರು ಅಂತ ಬರೀ ಕಾಗದ ಹೇಳಿದರೆ ಕೋರ್ಟು ನಂಬುವುದಿಲ್ಲ, ಸಾಲು ನುಂಗಿದವನೇ ಬಂದು ನುಂಗಿದೆ ಎನ್ನಬೇಕು ಎಂದು ವಕೀಲರು ಹಟ ಹಿಡಿದರು. ಅಫಿಡವಿಟ್ಟು ಕೊಡಬೇಕಾಯಿತು.

ಅದನ್ನು ಅವನು ಕೂತು ತಾನೇ ಬರೆದ. ಜೀವಮಾನದಲ್ಲಿ ಮೊದಲ ಸಲ ಏನನ್ನೂ ಬಿಡದೆ ಬರೆದ. ಯಾವ ತಾರೀಖು, ಯಾವ ಪುಟ, ಯಾಕೆ ಬಿಟ್ಟೆ, ಸಾಬೂನು ಸಮೇತ. ತಾನು ಯಾರು ಎಂಬುದನ್ನೂ ಬಿಡಲಿಲ್ಲ: ಮೇಲ್ಮನವಿದಾರಳ ಒಡಹುಟ್ಟಿದ ತಮ್ಮ, ಇಪ್ಪತ್ತೆರಡು ವರ್ಷದ ಕಾಯಂ ನೌಕರ, ಅವಿವಾಹಿತ, ಸಂಸ್ಥೆ ಕೊಟ್ಟ ಮನೆಯಲ್ಲಿ ಒಬ್ಬನೇ ವಾಸ. ಹನ್ನೊಂದು ಪುಟವಾಯಿತು. ಸಹಿ ಹಾಕುವಾಗ ಎದೆ ಹಗುರಾಯಿತು.

ವಿಚಾರಣೆಯ ದಿನ ವಕೀಲರು ಅದನ್ನು ಅಕ್ಷರ ಬಿಡದೆ ಓದಿದರು. ಅಕ್ಕ ಹಿಂದಿನ ಬೆಂಚಿನಲ್ಲಿದ್ದಳು. ಅವಳಿಗೆ ಅದುವರೆಗೆ ಅವನು ಹೇಳಿರಲಿಲ್ಲ. ಹೇಳಬೇಕೆಂದು ಹೋದಾಗಲೆಲ್ಲ ಅವಳು ಯಾರದೋ ಕಾಲರು ಹೊಲಿಯುತ್ತಿರುತ್ತಿದ್ದಳು. ತೀರ್ಪನ್ನು ಊಟದ ವಿರಾಮದ ನಂತರ ಹೇಳುವುದಾಗಿ ನ್ಯಾಯಾಧೀಶರು ಎದ್ದರು. ಹೊರಗೆ, ಹಳೆಯ ಕಡತಗಳ ರಾಶಿಯ ಪಕ್ಕ, ಅಕ್ಕ ಅವನ ಅಂಗಿಯ ಗುಂಡಿಯನ್ನೇ ನೋಡುತ್ತ ಕೇಳಿದಳು.

"ಆ ಏಳನೇ ಸಾಲು ತುಂಬ ಉದ್ದ ಇತ್ತೇನೋ?"

"ಇಲ್ಲ ಅಕ್ಕ. ಏಳೇ ಪದ."

"ಹೋಗಲಿ ಬಿಡು," ಅಂದಳು ಅಕ್ಕ. "ಬಟ್ಟೆ ಸಾಲದಿದ್ರೆ ನಾನೂ ಜೇಬು ಬಿಟ್ಟುಬಿಡ್ತೀನಿ. ಮಕ್ಕಳು ಕೈ ಎಲ್ಲಿಡಬೇಕು ಅಂತ ಯೋಚನೆ ಮಾಡಿದೋಳಲ್ಲ."

ಮಧ್ಯಾಹ್ನದ ತೀರ್ಪು ಘನವಾಗಿತ್ತು. ಸೂರು ತೋರಿಸದೆ ಸೊಸೆಯನ್ನು ಕಳಿಸುವಂತಿಲ್ಲ, ಸಾರವೇ ತೀರ್ಪಲ್ಲ, ನಲವತ್ಮೂರು ಆದೇಶಗಳೂ ತಪ್ಪು ಎಂದಿತು. ಸಂಕ್ಷಿಪ್ತನ ಪ್ರಾಮಾಣಿಕತೆಗೆ ಅರ್ಧ ಪುಟದ ಪ್ರಶಂಸೆಯೂ ಇತ್ತು. ವಕೀಲರು ಹಿಂತಿರುಗಿ ಅವನತ್ತ ಹುಬ್ಬು ಹಾರಿಸಿದರು. ಆಮೇಲೆ ನ್ಯಾಯಾಧೀಶರು ಹಾಳೆ ತಿರುವಿದರು. ಈ ಪ್ರಕರಣದಲ್ಲಿ ಸೂರಿನ ಕೊರತೆ ಕಾಣುವುದಿಲ್ಲ ಎಂದರು. ಮೇಲ್ಮನವಿದಾರಳಿಗೆ ಕಾಯಂ ನೌಕರಿಯ, ಸಂಸಾರದ ಭಾರವಿಲ್ಲದ, ಮನೆಯಿರುವ ಒಡಹುಟ್ಟಿದ ತಮ್ಮನಿದ್ದಾನೆ. ಈ ಸಂಗತಿ ಯಾರೋ ಹೇಳಿದ್ದಲ್ಲ, ಪ್ರಶಂಸನೀಯನಾದ ಆತನೇ ಪ್ರಮಾಣ ಮಾಡಿ ಹೇಳಿದ್ದಾನೆ. ಆದ್ದರಿಂದ ಅಕ್ಕ ಹದಿನೈದು ದಿನದಲ್ಲಿ ಮನೆ ಬಿಡತಕ್ಕದ್ದು.

ಕಾನೂನು ಗೆದ್ದಿತು, ಅಕ್ಕ ಸೋತಳು. ಬಿಟ್ಟು ಕೆಡಿಸಿದ್ದನ್ನು ಅವನು ಬಿಡದೆ ಬರೆದು ಪೂರ್ತಿ ಕೆಡಿಸಿದ್ದ. ವಕೀಲರು ಇದು ಐತಿಹಾಸಿಕ ತೀರ್ಪೆಂದು ಅವನ ಕೈ ಕುಲುಕಿ ಮುಂದಿನ ಕೇಸಿಗೆ ಓಡಿದರು. ಇನ್ನೂ ಮೇಲೆ ಹೋಗಬಹುದೇ ಎಂದು ಬೆನ್ನಟ್ಟಿ ಕೇಳಿದ್ದಕ್ಕೆ, ಮೇಲೆ ಹೋದರೆ ನಿಮ್ಮ ಅಫಿಡವಿಟ್ಟೂ ಜೊತೆಗೇ ಬರುತ್ತದಲ್ಲ ಎಂದರು.

ಆ ಕೋಣೆಯಲ್ಲೇ ಹೇಗೋ ಹೊಂದಿಕೊಂಡರಾಯಿತು ಎಂದು ಅವನು ಮಂಚವನ್ನು ಗೋಡೆಗೆ ಸರಿಸಿ, ಹೊಲಿಗೆ ಯಂತ್ರಕ್ಕೆ ಜಾಗ ಅಳೆದ. ಕಿಟಕಿ ಹಿಂದಿನ ಕಟ್ಟಡದ ಗೋಡೆ ನೋಡುತ್ತಿತ್ತು, ಗಿರಾಕಿಗಳು ಗೋಡೆ ಒಡೆದು ಬರಬೇಕಷ್ಟೆ. ಆದರೂ ಸೂರು ಸೂರೇ. ಹತ್ತನೆಯ ದಿನ ಸಂಪಾದಕರು ಕರೆಸಿದರು. ದನಿ ಎತ್ತರಿಸುವವರಲ್ಲ ಅವರು.

"ನೀವು ನಿಜ ಹೇಳಿದ್ರಿ, ತಪ್ಪು ಅನ್ನಲ್ಲ," ಅಂದರು. "ಆದ್ರೆ ನಮ್ಮ ಪತ್ರಿಕೇಲಿ ತಪ್ಪೇ ಇರಲ್ಲ ಅಂತ ನಂಬಿ ತರಿಸ್ಕೊಳ್ಳೋರು ವಕೀಲರೆಲ್ಲ. ಈಗ ಅವರಿಗೆ ನಾನು ಏನು ಹೇಳ್ಲಿ? ವಾರದೊಳಗೆ ಮೇಲಿನ ಕೋಣೆ ಬಿಟ್ಕೊಡಿ. ನಿಮ್ಮ ಕೆಲಸಕ್ಕೆ ಹೊಸಬರು ಬರ್ತಾರೆ."

ಮೇಜಿನ ಮೇಲೆ ಅವನ ಅಕ್ಕನ ತೀರ್ಪು ಇತ್ತು. ಅದರ ಸಾರವನ್ನು ಹೊಸಬರಿಂದಲೇ ಬರೆಸಿ ಆಗಿತ್ತು. ಸಂಕ್ಷಿಪ್ತ ತಲೆಕೆಳಗಾಗಿಯೇ ಓದಿದ. ಚೊಕ್ಕವಾಗಿತ್ತು. ಸೂರು ಎಂದಿತ್ತು, ತಮ್ಮ ಇರಲಿಲ್ಲ.

ಅಕ್ಕನಿಗೆ ಹೇಳಬೇಕಿತ್ತು. ಎರಡು ಸಲ ಫೋನು ಕೈಗೆತ್ತಿಕೊಂಡ. ಒಮ್ಮೆ ನಿಜ ಹೇಳಿ ಏನಾಯಿತೆಂದು ನೋಡಿದ್ದವನಿಗೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎನ್ನುತ್ತ ಹದಿನೈದನೆಯ ದಿನ ಬಂದೇಬಿಟ್ಟಿತು.

ಹಾಸಿಗೆ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಅವನು ಅರ್ಧ ಮೆಟ್ಟಿಲು ಇಳಿದಿದ್ದಾಗ ಕೆಳಗೆ ಸಾಮಾನಿನ ಗಾಡಿ ನಿಂತಿತು. ಅಕ್ಕ ಎರಡು ಚೀಲ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಕಿರಿದಾದ ಮೆಟ್ಟಿಲು. ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯದೆ ಇನ್ನೊಬ್ಬರಿಗೆ ದಾರಿಯಿಲ್ಲ. ಅವಳು ತಲೆಯೆತ್ತಿ ಹಾಸಿಗೆ ಸುರುಳಿ ನೋಡಿದಳು, ಮೇಲೆ ಹಾರುಹೊಡೆದ ಬಾಗಿಲು ನೋಡಿದಳು, ಕೊನೆಗೆ ಅವನ ಮುಖ ನೋಡಿದಳು. ಅವನು ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಕೆಳಗೆ ಮುದ್ರಣ ಯಂತ್ರ ಶುರುವಾಯಿತು, ಮೆಟ್ಟಿಲೆಲ್ಲ ಗಡಗಡ ನಡುಗಿತು.

ಗಾಡಿಯವನು ಹೊಲಿಗೆ ಯಂತ್ರಕ್ಕೆ ಕೈ ಹಾಕಿಕೊಂಡೇ ಕೂಗಿ ಕೇಳಿದ, ಇಲ್ಲೇ ಇಳಿಸೋದಾ, ಮುಂದಕ್ಕಾ ಅಂತ. ಅಕ್ಕ ಚೀಲಗಳನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ಕೂತಳು.